ಪೋಲೊ ಜಿಟಿ ಇಳಿಸಿ ಮೂರು ವರ್ಷ: ಎರಡು ಸೆಟ್ ಶಾಕಪ್, ಒಂದು ಕೇಬಲ್ ಟೈ

ಮುಂದಿನ ಎಡಗಾಲಿಯ ‘ಟಕ್’ ಸದ್ದಿನಿಂದಲೇ ಶುರು ಮಾಡುತ್ತೇನೆ. ಅದು ಕಾಡದೇ ಹೋಗಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ. ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯಿಂದ ಉದ್ಯಮಬಾಗದ ವರ್ಕ್‌ಶಾಪಿಗೆ ಹೋಗುವಾಗ ಎರಡನೇ ರೈಲ್ವೆ ಗೇಟ್ ದಾಟುತ್ತೇನೆ. ಗಾಲಿ ಹಳಿ ಏರಿ ಇಳಿದ ಕೂಡಲೇ ಟಕ್. ಮುಂದೆ ಯಾರೋ ಮನೆ ಮುಂದೆ ಕಟ್ಟಿಸಿದ ಸ್ಪೀಡ್ ಬ್ರೇಕರ್, ಅಲ್ಲೂ ಟಕ್. ಸಂಜೆ ವಾಪಸ್ ಬರುವಾಗ ಮತ್ತೆರಡು ಸಲ. ಅರವತ್ತೆರಡು ಸಾವಿರ ರೂಪಾಯಿ ಕೊಟ್ಟು ಹೊಸ ಸಸ್ಪೆನ್ಷನ್ ಹಾಕಿಸಿದವನಿಗೆ ಆ ಸದ್ದು ಕಿವಿಗಲ್ಲ, ನೇರ ಹೊಟ್ಟೆಗೇ ಬಡಿಯುತ್ತದೆ.

ಗಾಡಿ 2017ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್ಐ, ಸೆಕೆಂಡ್ ಹ್ಯಾಂಡ್. ಇಂಜಿನ್, ಗೇರ್‌ಬಾಕ್ಸ್ ವಿಷಯ ಇಲ್ಲಿ ಬೇಡ. ಎರಡು ಬಾಗಿಲಿನ ಅಸಲಿ ಸ್ಪೋರ್ಟ್ಸ್ ಕಾರು ನನ್ನ ಬಜೆಟ್‌ನಲ್ಲಿ ಬರುವುದಿಲ್ಲ, ನನ್ನ ಪಾಲಿನ ಸ್ಪೋರ್ಟ್ಸ್ ಕಾರು ಇದೇ. 2022ರಲ್ಲಿ ನಮ್ಮ ದೇಶದಲ್ಲಿ ಪೋಲೊ ಮಾರಾಟ ನಿಂತ ಮೇಲಂತೂ ಇದನ್ನು ಜೋಪಾನ ಮಾಡಬೇಕೆಂಬ ಆಸೆ ಇನ್ನೂ ಹೆಚ್ಚಿತು. ಒಂದೇ ಕೊರತೆ ಎಂದರೆ, ನಮ್ಮ ರಸ್ತೆಗಳಿಗಾಗಿ ಇದನ್ನು ಕಂಪನಿಯವರೇ ಸ್ವಲ್ಪ ಎತ್ತರಕ್ಕೆ ನಿಲ್ಲಿಸಿದ್ದಾರೆ. ವಂಟಮೂರಿ ಘಾಟಿನ ತಿರುವಿನಲ್ಲಿ ವೇಗವಾಗಿ ಲೇನ್ ಬದಲಿಸಿದರೆ ಮೈ ಒಂದು ಕಡೆ ವಾಲಿ, ಕ್ಷಣ ಬಿಟ್ಟು ಹಿಂದಿನ ಭಾಗ ಹಿಂಬಾಲಿಸುತ್ತಿತ್ತು. ಟೈರಿನ ಮೇಲೆ ನಾಲ್ಕು ಬೆರಳು ಹೋಗುವಷ್ಟು ಸಂದು. ಗಾಡಿಯ ಮೈಯನ್ನು ನೆಲಕ್ಕೆ ಇನ್ನಷ್ಟು ಹತ್ತಿರ ಇಳಿಸಬೇಕು ಅಂತ ತೀರ್ಮಾನಿಸಿದ್ದು ಹಾಗೆ.

ಮೊದಲು ಒಬ್ಬರು ಗ್ಯಾಸ್ ಕಟರ್‌ನಿಂದ ಸ್ಪ್ರಿಂಗ್ ಕಡಿದು ಕೊಡುತ್ತೇನೆ, ಮೂರು ಸಾವಿರ ಕೊಡಿ ಅಂದರು. ನಾನು ದಿನವೂ ಲೇಥ್, ಸಿಎನ್‌ಸಿ ಮುಂದೆ ನಿಲ್ಲುವವನು. ಉಕ್ಕಿಗೆ ಹದ ಹಾಕುವುದು ಎಷ್ಟು ನಾಜೂಕು ಕೆಲಸ ಅನ್ನುವುದು ಗೊತ್ತು. ಹದ ಹಾಕಿದ ಸ್ಪ್ರಿಂಗಿಗೆ ಜ್ವಾಲೆ ತಾಗಿಸಿದರೆ ಆ ಜಾಗದಲ್ಲಿ ಹದ ಹೋಗುತ್ತದೆ, ಬಿರುಕು ಶುರುವಾಗುವುದು ಅಲ್ಲಿಂದಲೇ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದನ್ನು ಕಡಿದರೆ ಸ್ಪ್ರಿಂಗ್ ಶೇ. 20ರಷ್ಟು ಬಿಗಿಯಾಗುತ್ತದೆ, ಆದರೆ ಶಾಕಪ್ ಹಳೆಯದೇ ಇರುತ್ತದೆ. ಗಾಲಿ ಗುಂಡಿಗೆ ಇಳಿದಾಗ ಗಿಡ್ಡವಾದ ಸ್ಪ್ರಿಂಗ್ ತನ್ನ ಬಟ್ಟಲಿನಿಂದ ಸಡಿಲಾಗಿ ಓರೆ ಕೂರುತ್ತದೆ. ಯಾರು ಎಷ್ಟೇ ಅಗ್ಗಕ್ಕೆ ಮಾಡಿಕೊಟ್ಟರೂ ದಯವಿಟ್ಟು ಇದನ್ನು ಮಾಡಿಸಬೇಡಿ.

ಹಾಗಾಗಿ ಕಾಯಿಲೋವರ್ ಕಡೆ ಹೋದೆ. ಅಂದರೆ ಶಾಕಪ್, ಸ್ಪ್ರಿಂಗ್ ಒಂದೇ ಜೋಡಿಯಾಗಿ ಬರುವ, ಕಾಲರ್ ತಿರುಗಿಸಿ ಎತ್ತರ ಬದಲಿಸಬಹುದಾದ ಸೆಟ್. ಕಂಪನಿಯ ಹೆಸರು ಬರೆಯುವುದಿಲ್ಲ. ಮೂವತ್ತೆರಡು ಹಂತದ ಡ್ಯಾಂಪಿಂಗ್ (ತೂಗಾಟ ತಡೆಯುವ ಬಿಗಿ), ನೀಲಿ ಕಾಲರ್, ಚಿನ್ನದ ಬಣ್ಣದ ಥ್ರೆಡ್. ಡಬ್ಬಿ ತೆರೆದ ದಿನ ಮನಸ್ಸು ಕುಣಿದಿದ್ದು ಸುಳ್ಳಲ್ಲ. ಐವತ್ತು ಮಿಲಿಮೀಟರ್ ಇಳಿಸಿದೆ. ವರ್ಕ್‌ಶಾಪಿನ ಗೇಟಿನಲ್ಲಿ ನಿಲ್ಲಿಸಿದರೆ ಹೋಗುವವರು ಬರುವವರು ತಿರುಗಿ ನೋಡುತ್ತಿದ್ದರು. ಕಾಂಗ್ರೆಸ್ ರಸ್ತೆಯಲ್ಲಿ ಬೆಳಗಿನ ಆರು ಗಂಟೆಗೆ, ಟ್ರಾಫಿಕ್ ಇಲ್ಲದಾಗ, ಅದು ನೆಲಕ್ಕೆ ಅಂಟಿಕೊಂಡು ಹೋಗುತ್ತಿದ್ದ ರೀತಿ ಈಗಲೂ ನೆನಪಿದೆ.

ಆ ಸಂತೋಷ ಎರಡು ತಿಂಗಳು ಬಾಳಿತು. ಆಮೇಲೆ ಟಕ್.

ಮಿಸ್ತ್ರಿ ಗಾಡಿ ಎತ್ತಿ ನೋಡಿ, “ಅಣ್ಣಾರ, ಲಿಂಕ್ ರಾಡ್ ಹೋಗ್ಯಾವು” ಅಂದ. ಬದಲಿಸಿದೆವು. ಸದ್ದು ಹಾಗೇ ಇತ್ತು. ಆಮೇಲೆ ಗಾಲಿಯನ್ನು ಗಾಡಿಯ ಮೈಗೆ ಹಿಡಿದಿಡುವ ಕೆಳಗಿನ ಆರ್ಮ್‌ನ ಬುಷ್, ಆಮೇಲೆ ಟಾಪ್ ಮೌಂಟ್ ಮತ್ತು ಅದರ ಬೇರಿಂಗ್. ಒಟ್ಟು ಹದಿನಾಲ್ಕು ಸಾವಿರ, ಐದು ತಿಂಗಳು. ಅಷ್ಟರಲ್ಲಿ ಒಂದು ಮಳೆಗಾಲವೂ ಬಂದು ಹೋಗಿತ್ತು. ಕೆಂಪು ಕೆಸರು ಥ್ರೆಡ್‌ನಲ್ಲಿ ಕೂತು ಒಣಗಿ, ಕಾಲರ್ ತಿರುಗಿಸಲು ಹೋದರೆ ಸಿ-ಸ್ಪ್ಯಾನರ್ ಬಾಗುವ ಹಾಗಾಗಿತ್ತು. ಹಲ್ಲುಜ್ಜುವ ಬ್ರಷ್, ಡೀಸೆಲ್, ಒಂದು ಭಾನುವಾರವಿಡೀ ಕೆಲಸ. ಎತ್ತರ ಬದಲಿಸಬಹುದು ಅನ್ನುವ ಒಂದೇ ಕಾರಣಕ್ಕೆ ದುಡ್ಡು ಕೊಟ್ಟು ತಂದದ್ದು, ಅದೇ ಕಾಲರ್ ಜಾಮ್ ಆಗಿ ಕೂತರೆ ಹೇಗಿರಬೇಡ!

ಕೇಬಲ್ ಟೈ ನೆನಪಾದದ್ದು ಆಗ. ರೇಸ್ ಗಾಡಿಗಳ ಕೆಲಸ ಮಾಡುವವರು ಇದನ್ನು ಯಾವಾಗಿನಿಂದಲೋ ಬಳಸುತ್ತಾರೆ. ಶಾಕಪ್‌ನ ಹೊಳೆಯುವ ದಂಡಕ್ಕೆ ಒಂದು ಪ್ಲಾಸ್ಟಿಕ್ ಟೈ ಹಿತವಾಗಿ ಬಿಗಿದು, ಕೆಳಗೆ ಶಾಕಪ್‌ನ ಮೈಗೆ ತಾಗುವ ತನಕ ಇಳಿಸಿಬಿಡಬೇಕು. ಗಾಡಿ ಓಡಿಸಿ ಬನ್ನಿ. ದಂಡ ಎಷ್ಟು ಒಳಗೆ ಹೋಗಿತ್ತೋ ಅಷ್ಟು ಮೇಲಕ್ಕೆ ಟೈ ಜರುಗಿ ನಿಂತಿರುತ್ತದೆ. ಹತ್ತು ರೂಪಾಯಿಗೆ ಐದಾರು ಸಿಗುತ್ತವೆ.

ಕಟ್ಟಿದೆ. ಮನೆಯಿಂದ ವರ್ಕ್‌ಶಾಪ್, ಅಷ್ಟೇ ದೂರ. ಬಂದು ಗಾಲಿ ಬಿಚ್ಚಿ ನೋಡಿದರೆ ಟೈ ದಂಡದ ತುತ್ತತುದಿಯಲ್ಲಿ, ಬಂಪ್ ಸ್ಟಾಪಿನೊಳಗೆ ಸಿಕ್ಕಿ ಚಪ್ಪಟೆಯಾಗಿತ್ತು. ಬಂಪ್ ಸ್ಟಾಪ್ ಅಂದರೆ ದಂಡದ ಮೇಲ್ತುದಿಗೆ ಪೋಣಿಸಿದ ಹಳದಿ ಸ್ಪಂಜಿನಂಥ ತುಂಡು. ಶಾಕಪ್‌ನ ಓಡಾಟ ಮುಗಿಯುವ ಹೊತ್ತಿಗೆ ಅದು ಮೆತ್ತಗೆ ತಡೆಯಬೇಕು. ಬೆರಳಿನಿಂದ ಮುಟ್ಟಿದೆ. ಬೇಸನ್ ಉಂಡೆ ಒಡೆದ ಹಾಗೆ ಪುಡಿಪುಡಿಯಾಗಿ ಅಂಗೈಗೆ ಉದುರಿತು. ದಿನಕ್ಕೆ ನಾಲ್ಕು ಸಲ ಅದನ್ನು ಜಜ್ಜಿ ಜಜ್ಜಿ ಮುಗಿಸಿದ್ದೆ. ಆ ಸದ್ದು ಯಾವ ಬುಷ್‌ನದ್ದೂ ಆಗಿರಲಿಲ್ಲ. ಓಡಾಟ ಮುಗಿದ ಶಾಕಪ್ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು.

ಆ ದಿನ ವರ್ನಿಯರ್ ಹಿಡಿದು ಕೂತೆ. ಕಂಪನಿಯಿಂದ ಬಂದ ಹಳೆಯ ಶಾಕಪ್‌ನಲ್ಲಿ ಗಾಡಿ ಸುಮ್ಮನೆ ನಿಂತಾಗ ಬಂಪ್ ಸ್ಟಾಪ್ ತಾಗುವ ತನಕ 68 ಮಿಲಿಮೀಟರ್ ಇತ್ತು. ಕಾಯಿಲೋವರ್‌ನಲ್ಲಿ 22. ಈ ಲೆಕ್ಕವನ್ನು ಯಾವ ಅಂಗಡಿಯವರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಎಷ್ಟು ಇಳಿಯುತ್ತದೆ, ಎಷ್ಟು ಹಂತ, ಯಾವ ಬಣ್ಣ, ಇಷ್ಟೇ ಕೇಳಿದ್ದು. ಡ್ಯಾಂಪಿಂಗ್ ಮೂವತ್ತೆರಡು ಹಂತ ಇದ್ದರೇನು, ಉಸಿರಾಡಲು 22 ಮಿಲಿಮೀಟರ್ ಮಾತ್ರ ಇದ್ದ ಮೇಲೆ?

ಇಳಿಸುವವರು ಸ್ಪ್ರಿಂಗ್ ಬಿಗಿ ಯಾಕೆ ಮಾಡುತ್ತಾರೆ ಅನ್ನುವುದೂ ಇದರಲ್ಲೇ ಇದೆ. ನಮ್ಮ ಗಾಡಿಯಲ್ಲಿ ಮುಂದಿನ ಒಂದೊಂದು ಸ್ಪ್ರಿಂಗಿನ ಮೇಲೆ ಸುಮಾರು 300 ಕೆಜಿ ಕೂರುತ್ತದೆ ಅಂತಿಟ್ಟುಕೊಳ್ಳಿ. ಮಿಲಿಮೀಟರಿಗೆ 3 ಕೆಜಿ ಬಿಗಿಯಿರುವ ಸ್ಪ್ರಿಂಗ್ 100 ಮಿಲಿಮೀಟರ್ ಕುಸಿದು ನಿಲ್ಲುತ್ತದೆ. 5 ಕೆಜಿಯದು 60. ಉಳಿದ ಓಡಾಟ ಕಡಿಮೆ ಇದ್ದಷ್ಟೂ ಅದನ್ನು ಬೇಗ ತಿಂದುಹಾಕದ ಹಾಗೆ ಸ್ಪ್ರಿಂಗ್ ಬಿಗಿ ಇರಲೇಬೇಕು. ತಂತಿಯ ದಪ್ಪ ಒಂದಿಷ್ಟು ಹೆಚ್ಚಿದರೂ ಸಾಕು: ಬಿಗಿತನ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. ಬೇರೆಲ್ಲ ಅಳತೆ ಅದೇ ಇಟ್ಟು 12 ಮಿಲಿಮೀಟರ್ ತಂತಿಯ ಬದಲು 13 ಹಾಕಿದರೆ ಶೇ. 37ಕ್ಕಿಂತ ಹೆಚ್ಚು ಬಿಗಿ. ಆ ಬಿಗಿತನವನ್ನು ಬೆಳಗಾವಿಯ ರಸ್ತೆಯಲ್ಲಿ ಸಹಿಸಬೇಕಾದವರು ಒಳಗೆ ಕೂತವರು. “ಯಾಕಪಾ, ಗಾಡಿ ಇಷ್ಟ್ಯಾಕ ಎತ್ತಿ ಒಗೀತೈತಿ? ಟಾಂಗಾದಾಗ ಕುಂತಂಗ ಆಗೇತಿ” ಅಂತ ಅವ್ವ ಕೇಳಿದ್ದಳು. ಅವಳಿಗೆ ಮೊಣಕಾಲು ನೋವು. ನಾನು ಸ್ಪೋರ್ಟ್ಸ್ ಸೆಟ್ಟಿಂಗ್ ಹಾಗೇ ಇರ್ತದ ಅಂತ ಸಮಾಧಾನ ಹೇಳಿದ್ದೆ. ಟೈ ನೋಡಿದ ಮೇಲೆ ಆ ಮಾತು ನೆನೆದು ಬೇಜಾರಾಯಿತು.

ಇನ್ನೊಂದನ್ನು ಗಾಡಿಯ ಕೆಳಗಿನ ರಿಪೇರಿ ಗುಂಡಿಗೆ ಇಳಿದು ಕಣ್ಣಾರೆ ನೋಡಿದೆ. ಮುಂದಿನ ಕೆಳ ಆರ್ಮ್ ಮೂಲ ಎತ್ತರದಲ್ಲಿ ಗಾಲಿಯ ಕಡೆಗೆ ಸ್ವಲ್ಪ ಕೆಳಗೆ ಇಳಿದಿರುತ್ತದೆ. ಐವತ್ತು ಮಿಲಿಮೀಟರ್ ಇಳಿಸಿದ ಗಾಡಿಯಲ್ಲಿ ಅದು ಗಾಲಿಯ ಕಡೆಗೆ ಮೇಲೆ ಎತ್ತಿ ನಿಂತಿತ್ತು. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕಪ್ ಒಂದೇ ಕಂಬವಾಗಿ ನಿಲ್ಲುವ ಜೋಡಣೆ) ಇರುವ ಗಾಡಿಗಳಲ್ಲಿ ಹೀಗಾದಾಗ, ಗಾಡಿಯ ಮೈ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್ ಗಾಡಿಗಿಂತಲೂ ಬೇಗ ಕೆಳಗೆ ಹೋಗುತ್ತದೆ. ಭಾರದ ಕೇಂದ್ರಕ್ಕೂ ಅದಕ್ಕೂ ನಡುವಿನ ಅಂತರ ಹೆಚ್ಚುತ್ತದೆ. ಅಂದರೆ ಅತಿಯಾಗಿ ಇಳಿಸಿದ ಗಾಡಿ ವಾಲುವುದಕ್ಕೇ ಹೆಚ್ಚು ಹವಣಿಸುತ್ತದೆ, ಅದನ್ನು ಬಿಗಿ ಸ್ಪ್ರಿಂಗ್ ಒಂದೇ ಹಿಡಿದಿರುತ್ತದೆ. ವಾಲುವುದು ಕಡಿಮೆಯಾಗಲಿ ಅಂತಲೇ ಇಳಿಸಿದ ನನಗೆ ಇದು ಗೊತ್ತಾದದ್ದು ಒಂದು ವರ್ಷ ತಡವಾಗಿ. ಮುಂದಿನ ಟೈರುಗಳ ಒಳಅಂಚು ಆರು ಸಾವಿರ ಕಿಲೋಮೀಟರಿಗೆ ಸವೆದು ನುಣ್ಣಗಾಗಿದ್ದೂ ಅದೇ ವರ್ಷ. ಇಳಿಸಿದ ಮೇಲೆ ಟೋ, ಅಂದರೆ ಗಾಲಿಗಳು ಒಳಕ್ಕೋ ಹೊರಕ್ಕೋ ತಿರುಗಿ ನಿಲ್ಲುವ ಕೋನ, ಬದಲಾಗಿತ್ತು, ಫಿಟ್ ಮಾಡಿದವರು ಅಲೈನ್‌ಮೆಂಟ್ ಮಾಡಿಸಿ ಅಂತ ಹೇಳಲಿಲ್ಲ. ಹಿಂದೆ ಟಾರ್ಷನ್ ಬೀಮ್, ಎರಡೂ ಗಾಲಿ ಜೋಡಿಸುವ ಒಂದೇ ತೊಲೆ, ಅಲ್ಲಿ ಹೊಂದಿಸುವುದಕ್ಕೆ ಏನೂ ಇಲ್ಲ, ಕೆಡುವುದೂ ಕಡಿಮೆ. ಮುಂದಿನದನ್ನು ಮಾತ್ರ ಮರೆಯಬೇಡಿ.

ಹದಿನಾಲ್ಕು ತಿಂಗಳಿಗೆ ಆ ಸೆಟ್ ಬಿಚ್ಚಿಟ್ಟೆ. ಇನ್ನೊಬ್ಬರಿಗೆ ಮಾರಲು ಮನಸ್ಸು ಬರಲಿಲ್ಲ, ವರ್ಕ್‌ಶಾಪಿನ ರ‍್ಯಾಕ್‌ನಲ್ಲಿದೆ.

ಎರಡನೇ ಸಲ ದುಡ್ಡು ಹೊಂದಿಸಲು ಎಂಟು ತಿಂಗಳು ಕಾದೆ, ಆ ಎಂಟು ತಿಂಗಳು ಕಂಪನಿಯ ಹಳೆಯ ಶಾಕಪ್ಪೇ ಹಾಕಿಕೊಂಡು ಓಡಿಸಿದೆ. ಕಾದದ್ದು ಒಳ್ಳೆಯದೇ ಆಯಿತು, ಓದಲು ಸಮಯ ಸಿಕ್ಕಿತು. ಬಿಲ್‌ಸ್ಟೈನ್‌ನಲ್ಲಿ ಬಿ6 ಮತ್ತು ಬಿ8 ಅಂತ ಎರಡು ಬಗೆಯ ಶಾಕಪ್ ಇವೆ. ಬಿ6 ಮೂಲ ಎತ್ತರದ ಸ್ಪ್ರಿಂಗಿಗೆ, ಬಿ8 ಇಳಿಸುವ ಗಿಡ್ಡ ಸ್ಪ್ರಿಂಗಿಗೆಂದೇ ಮೈ ಗಿಡ್ಡ ಮಾಡಿದ್ದು. ಈ ಒಂದು ವ್ಯತ್ಯಾಸ ನನಗೆ ಬೇಕಾಗಿದ್ದ ಉತ್ತರ. ಶಾಕಪ್‌ನ ಮೈ ಗಿಡ್ಡವಾದರೆ ಇಳಿಸಿದಾಗ ಕಳೆದುಹೋಗುವ ಓಡಾಟದಲ್ಲಿ ಸ್ವಲ್ಪ ವಾಪಸ್ ಸಿಗುತ್ತದೆ. ಜೊತೆಗೆ ಐಬಾಕ್‌ನ ಪ್ರೊ-ಕಿಟ್ ಸ್ಪ್ರಿಂಗ್. ಅದರ ಸುತ್ತುಗಳು ಒಂದು ತುದಿಯಲ್ಲಿ ಹತ್ತಿರ ಹತ್ತಿರ, ಇನ್ನೊಂದು ತುದಿಯಲ್ಲಿ ದೂರ. ಸಣ್ಣ ಗುಂಡಿಗೆ ಮೆತ್ತಗೆ, ಒತ್ತಡ ಏರಿದ ಹಾಗೆ ಬಿಗಿ. ಎತ್ತರ ಬದಲಿಸುವ ಕಾಲರ್ ಇಲ್ಲ, ಹಂತಗಳಿಲ್ಲ. ಹಾಕಿ ಮರೆತುಬಿಡುವುದು. ಹಾಕಿಸಿ, ಟಾಪ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್ ಹೊಸದು, ಅಲೈನ್‌ಮೆಂಟ್ ಎಲ್ಲ ಸೇರಿ ಒಂದು ಲಕ್ಷ ಮೂವತ್ತು ಸಾವಿರದ ಹತ್ತಿರ. ಮೊದಲೇ ಇದನ್ನು ಮಾಡಿದ್ದರೆ ಎಪ್ಪತ್ತಾರು ಸಾವಿರ ಉಳಿಯುತ್ತಿತ್ತು. ಹೆಂಡತಿ ಈ ಲೆಕ್ಕ ಕೇಳಿ ಸುಮ್ಮನಿದ್ದಳು, ಅದಕ್ಕೆ ಅವಳಿಗೆ ಋಣಿ.

ನನ್ನ ಗಾಡಿ ಮೂವತ್ತು ಮಿಲಿಮೀಟರ್ ಇಳಿಯಿತು. ಬಂಪ್ ಸ್ಟಾಪ್ ತನಕ 41 ಉಳಿಯಿತು. ಫೋಟೋದಲ್ಲಿ ನೋಡಿದರೆ ‘ಇಳಿಸೀಯೇನು?’ ಅಂತ ಕೇಳುವಷ್ಟೇ. ಯಾರೂ ತಿರುಗಿ ನೋಡುವುದಿಲ್ಲ. ನೋಟಕ್ಕಾಗಿ ಇಳಿಸುವವರಿಗೆ ಇದು ಸಪ್ಪೆ ಅನ್ನಿಸುತ್ತದೆ, ಅವರಿಗೆ ನಾನು ಇದನ್ನು ಹೇಳುವುದಿಲ್ಲ.

ಆದರೆ ಎರಡನೇ ಗೇಟ್! ಮೊದಲ ಬೆಳಗ್ಗೆ ಹಳಿ ಏರುವಾಗ ಅಭ್ಯಾಸಬಲದಿಂದ ಹಲ್ಲು ಕಚ್ಚಿ ಹಿಡಿದಿದ್ದೆ. ಗಾಲಿ ಏರಿತು, ಇಳಿಯಿತು, ಮೈ ಒಮ್ಮೆ ಕುಸಿದು ಒಮ್ಮೆ ಎದ್ದು ಅಲ್ಲೇ ನಿಂತಿತು. ಎರಡನೇ ಸಲ ಏಳಲಿಲ್ಲ. ಕಂಪನಿಯ ಶಾಕಪ್‌ನಲ್ಲಿ ಎರಡು ಮೂರು ಸಲ ತೂಗುತ್ತಿತ್ತು, ಕಾಯಿಲೋವರ್‌ನಲ್ಲಿ ತೂಗುವ ಮೊದಲೇ ಬಡಿಯುತ್ತಿತ್ತು. ಇದು ಒಂದೇ ಸಲ. ಒಳ್ಳೆಯ ಸಸ್ಪೆನ್ಷನ್ ಅಂದರೆ ಬಿಗಿ ಅಂದುಕೊಂಡಿದ್ದ ನನಗೆ, ಅದು ಗಾಡಿಯನ್ನು ಸುಮ್ಮನಾಗಿಸುವುದು ಅಂತ ಅರ್ಥವಾದದ್ದು ಆ ಒಂದು ಕ್ಷಣದಲ್ಲಿ. ಗೇಟ್ ದಾಟಿ ಬದಿಗೆ ನಿಲ್ಲಿಸಿ, ತಿರುಗಿಸಿಕೊಂಡು ಬಂದು ಇನ್ನೊಮ್ಮೆ ದಾಟಿದೆ.

ಇಪ್ಪತ್ತೊಂದು ಸಾವಿರ ಕಿಲೋಮೀಟರ್ ಆಗಿದೆ ಈಗ, ಈ ಸೆಟ್ಟಿನ ಮೇಲೆ. ಎಣ್ಣೆ ಸೋರಿಲ್ಲ, ಸದ್ದಿಲ್ಲ, ಟೈರು ಸಮನಾಗಿ ಸವೆಯುತ್ತಿವೆ. ಇದಕ್ಕಿಂತ ಹೆಚ್ಚು ಹೇಳುವುದಕ್ಕೆ ಇಲ್ಲ, ಇರಬಾರದು ಕೂಡ.

ಕೇಬಲ್ ಟೈ ಮಾತ್ರ ಬಿಟ್ಟಿಲ್ಲ. ತಿಂಗಳಿಗೊಂದು ಶನಿವಾರ ಸಂಜೆ ವರ್ಕ್‌ಶಾಪ್ ಮುಚ್ಚಿದ ಮೇಲೆ ಗಾಲಿ ಬಿಚ್ಚಿ, ದಂಡವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಟೈ ಕೆಳಗಿಳಿಸುತ್ತೇನೆ. ಭಾನುವಾರ ಬೆಳಗ್ಗೆ ಐದೂವರೆಗೆ ಹೊರಟರೆ ಜಾಂಬೋಟಿಯಲ್ಲಿ ಬೆಳಕು ಹರಿಯುತ್ತದೆ. ಅಲ್ಲಿ ಒಂದು ಚಹಾ. ಮುಂದೆ ಮಲಪ್ರಭೆ ಹುಟ್ಟುವ ಕಣಕುಂಬಿ, ಆಮೇಲೆ ಚೋರ್ಲಾ ಘಾಟಿನ ತಿರುವುಗಳು, ಗೋವಾದ ಕಡೆ ಒಂದಿಷ್ಟು ಇಳಿದು ಅಲ್ಲಿಂದಲೇ ವಾಪಸ್. ಒಂದು ತಿರುವಿನಿಂದ ಇನ್ನೊಂದಕ್ಕೆ ಸ್ಟೀರಿಂಗ್ ತಿರುಗಿಸುವಾಗ ಮುಂದಿನ ಭಾಗವೂ ಹಿಂದಿನ ಭಾಗವೂ ಒಟ್ಟಿಗೆ ತಿರುಗುತ್ತವೆ. ವಂಟಮೂರಿಯಲ್ಲಿ ನನ್ನನ್ನು ಕಾಡುತ್ತಿದ್ದ ಆ ‘ಕ್ಷಣ ಬಿಟ್ಟು’ ಈಗಿಲ್ಲ. ಮಧ್ಯಾಹ್ನ ಬಂದು ಗಾಲಿ ಬಿಚ್ಚಿ ಸ್ಕೇಲ್ ಹಿಡಿದು ಜಾಬ್ ಕಾರ್ಡಿನ ಹಳೆಯ ಪುಸ್ತಕದಲ್ಲಿ ಬರೆಯುತ್ತೇನೆ: ತಾರೀಖು, ಎಡ, ಬಲ, ಯಾವ ರಸ್ತೆ, ಎಷ್ಟು ಜನ. ಒಬ್ಬನೇ ಹೋದರೆ ಚೋರ್ಲಾದಲ್ಲಿ 30 ಮಿಲಿಮೀಟರ್ ಆಸುಪಾಸು. ನಾಲ್ಕು ಜನ ಕೂತು ಊರೊಳಗೆ ಓಡಾಡಿದರೆ 38. ಗಣಪತಿ ಹಬ್ಬದ ನಂತರ ಮಳೆಗೆ ಕಿತ್ತುಹೋದ ರಸ್ತೆಯಲ್ಲಿ ಒಮ್ಮೆ ಬಂಪ್ ಸ್ಟಾಪ್ ಮುಟ್ಟಿತ್ತು, ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ.

ತಳ ತಾಗುವ ವಿಷಯ ಎಲ್ಲರೂ ಕೇಳುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಅಳತೆಯಂತೆ ಕಟ್ಟಿದ ಸ್ಪೀಡ್ ಬ್ರೇಕರ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರುತ್ತದೆ. ಅಂಥದ್ದನ್ನು ಮೂವತ್ತು ಮಿಲಿಮೀಟರ್ ಇಳಿದ ಪೋಲೊ ಆರಾಮವಾಗಿ ದಾಟುತ್ತದೆ. ತೊಂದರೆ ಕೊಡುವುದು ಓಣಿಗಳಲ್ಲಿ ಜನ ತಾವೇ ಕಟ್ಟಿಕೊಂಡ ಗಿಡ್ಡ ಅಗಲದ, ಎತ್ತರದ ದಿಬ್ಬ. ಮುಂದಿನ ಗಾಲಿ ದಾಟಿ, ಹಿಂದಿನದು ಇನ್ನೂ ಏರದೆ ಇರುವಾಗ ಗಾಡಿಯ ಹೊಟ್ಟೆ ಅದರ ಮೇಲೆ ಬರುತ್ತದೆ. ನಮ್ಮ ಗಾಡಿಯ ಎರಡು ಅಚ್ಚುಗಳ ನಡುವೆ ಸುಮಾರು ಎರಡೂವರೆ ಮೀಟರ್. ಓರೆಯಾಗಿ, ಒಂದೊಂದೇ ಗಾಲಿ ಏರಿಸುತ್ತ ಹೋಗುತ್ತೇನೆ. ಐದು ಜನ ಮತ್ತು ಡಿಕ್ಕಿ ತುಂಬ ಸಾಮಾನು ಇದ್ದರೆ ಅದೂ ಸಾಲದು. ಮದುವೆ, ಜಾತ್ರೆಗೆ ನಾನು ಈ ಗಾಡಿ ತೆಗೆಯುವುದಿಲ್ಲ. ಕಬ್ಬಿನ ಸೀಜನ್ನಿನಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಳ್ಳಿ ರಸ್ತೆಯ ಎರಡೂ ಬದಿ ಕೊರೆದಿಟ್ಟಿರುತ್ತವೆ, ನಡುವೆ ಉಬ್ಬು ಉಳಿಯುತ್ತದೆ, ಅಲ್ಲಿಗೂ ಇಲ್ಲ.

ಕಾಯ್ದೆಯ ಮಾತನ್ನೂ ಮುಚ್ಚಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಬಗ್ಗೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟವಾಗಿದೆ: ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಇಳಿಸುವ ಮೊದಲು ಆರ್‌ಟಿಓ ಮತ್ತು ವಿಮೆಯವರನ್ನು ಕೇಳಿ, ಉತ್ತರ ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಮೂಲ ಶಾಕಪ್, ಸ್ಪ್ರಿಂಗ್ ಎರಡನ್ನೂ ನಾನು ಎಣ್ಣೆ ಸವರಿ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದೇನೆ.

ಅವ್ವನನ್ನು ಹೊಸ ಸೆಟ್ಟಿನ ಮೇಲೆ ಮೊದಲ ಸಲ ಕರೆದೊಯ್ದದ್ದು ಹಿರೇಬಾಗೇವಾಡಿಯ ಕಡೆಗೆ, ಅತ್ತೆಯ ಮನೆಗೆ. ದಾರಿಯುದ್ದಕ್ಕೂ ಏನೂ ಅನ್ನಲಿಲ್ಲ. ಟೋಲ್ ಹತ್ತಿರ ಬಂದಾಗ, “ಈಗ ಒಗಿಯಂಗಿಲ್ಲ ನೋಡಪಾ” ಅಂದಳು. ನಾನು ಎಲ್ಲರಿಗಿಂತ ಹೆಚ್ಚು ಕಾದಿದ್ದ ಮಾತು ಅದು. ಇಳಿಯುವಾಗ ಬಾಗಿಲ ಚೌಕಟ್ಟು ಹಿಡಿದು ಎರಡು ಸಲ ಪ್ರಯತ್ನಿಸಿ, ಮೂರನೇ ಸಲಕ್ಕೆ ಎದ್ದಳು. “ಖರೇ ಏಳೂದು ಬಾಳ ತ್ರಾಸ ಆತು, ಮದಲಿನಕಿಂತ.”

ಈ ಸೆಟ್ಟಿನಲ್ಲಿ ನನಗೆ ಉಳಿದ ಒಂದೇ ಕೊರಗು ಅದು, ಅದನ್ನು ಯಾವ ಶಾಕಪ್ಪೂ ಸರಿ ಮಾಡದು. ಮೂವತ್ತು ಮಿಲಿಮೀಟರ್ ನನಗೆ ತಿರುವಿನಲ್ಲಿ ಕೊಟ್ಟದ್ದನ್ನು ಅವಳ ಮೊಣಕಾಲಿನಿಂದ ಕಿತ್ತುಕೊಂಡಿತ್ತು. ಪಕ್ಕದ ಫೌಂಡ್ರಿಯ ಪ್ಯಾಟರ್ನ್ ಶಾಪಿನಲ್ಲಿ ಕೇಳಿ ನಲವತ್ತು ಮಿಲಿಮೀಟರ್ ದಪ್ಪದ ಎರಡು ಹಲಗೆ ತಂದೆ, ಏರುವ ಅಂಚನ್ನು ಇಳಿಜಾರಾಗಿ ಕೆತ್ತಿಸಿದೆ. ಅವು ಈಗ ಮನೆ ಕಟ್ಟೆಯ ಪಕ್ಕ ಇರುತ್ತವೆ. ಅವ್ವ ಹೊರಡುವ ದಿನ ಗಾಡಿಯ ಎಡಗಾಲಿ ಎರಡನ್ನೂ ಹಲಗೆಯ ಮೇಲೆ ಹತ್ತಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬಾಗಿಲು ತೆಗೆದು ಹಿಡಿಯುತ್ತೇನೆ. ಅವಳು ಒಂದು ಕೈ ನನ್ನ ಭುಜದ ಮೇಲೆ, ಇನ್ನೊಂದು ಸೀಟಿನ ಮೇಲೆ ಇಟ್ಟು ಕೂರುತ್ತಾಳೆ.